ಅಕ್ಕ ತಮ್ಮ ಸೇರಿ ಸೊನ್ನೆ

ಚುನಾವಣೆ ಹತ್ತಿರ ಬಂದಿದ್ದರೂ ನನ್ನ ಎದುರು ಮೇಜಿನ ಗೆಳತಿ ಇನ್ನೂ ವಿಮಾನದ ಟಿಕೆಟ್ ತೆಗೆದಿರಲಿಲ್ಲ. ಅದು ಅವಳ ಸಮಸ್ಯೆ. ಆದರೆ ಚಿಂತೆ ಮಾಡುವುದಕ್ಕೆ ಸ್ವಂತದ್ದೇ ಸಮಸ್ಯೆ ಬೇಕು ಎಂದು ಹಟ ಹಿಡಿಯುವವಳು ನಾನಲ್ಲ. ಯಾರದ್ದಾದರೂ ನಡೆಯುತ್ತದೆ.

ಜರ್ಮನಿಯ ಬಾನ್‌ನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಗಿಡದ ಬೇರುಗಳ ಮೇಲೆ ಕೆಲಸ ಮಾಡುವ ನಾವಿಬ್ಬರು ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಬಹಳ ವರ್ಷಗಳಾಗಿವೆ. ನಾನು ಉಡುಪಿಯ ಕಡೆಯವಳು, ಅವಳು ಟೆಲ್ ಅವೀವ್ ಪಕ್ಕದ ಒಂದು ಊರಿನವಳು. ಮಾತು ಇಂಗ್ಲಿಷಿನಲ್ಲಿ, ನಡುನಡುವೆ ಜರ್ಮನ್. ಇಲ್ಲಿ ಬರೆಯುವಾಗ ಅವಳ ಬಾಯಿಗೆ ನನ್ನೂರಿನ ಕನ್ನಡ ಹಾಕಿದ್ದೇನೆ. ಅವಳು ಓದಿ ಆಕ್ಷೇಪಿಸುವ ಸಂಭವವಿಲ್ಲ. ಆದರೂ ಬರೆಯುವಾಗ ಎರಡು ಸಲ ಯೋಚಿಸಿದೆ.

ಇದು ಯುದ್ಧಕ್ಕೆ ಮುಂಚಿನ ಮಾತು. ಅವಳ ದೇಶದಲ್ಲಿ ಆಗ ಒಂದರ ಬೆನ್ನಿಗೆ ಒಂದು ಚುನಾವಣೆ ನಡೆಯುತ್ತಿತ್ತು. ಯಾರಿಗೂ ಬಹುಮತ ಬಾರದು, ಬಂದ ಸರ್ಕಾರ ನಿಲ್ಲದು. ಧಾರ್ಮಿಕ ಪಕ್ಷಗಳು ಯಾವ ಕಡೆ ವಾಲುತ್ತವೋ ಆ ಕಡೆಯವರು ಸರ್ಕಾರ ಮಾಡುವುದು, ವಾಲಿದ್ದಕ್ಕೆ ಬದಲಾಗಿ ಧಾರ್ಮಿಕ ಶಾಲೆಗಳಿಗೆ ಅನುದಾನ, ಅಲ್ಲಿ ಓದುವ ಹುಡುಗರಿಗೆ ಸೇನೆಯಿಂದ ವಿನಾಯಿತಿ, ಮದುವೆ ವಿಚ್ಛೇದನವೆಲ್ಲ ಧರ್ಮಗುರುಗಳ ಕೈಯಲ್ಲೇ ಉಳಿಯುವುದು. ಇವನ್ನೆಲ್ಲ ನನಗೆ ಹೇಳಿಕೊಟ್ಟವಳು ಅವಳೇ, ಕಾಫಿಯ ಸಮಯದಲ್ಲಿ, ಟೇಬಲ್ಲಿನ ಮೇಲೆ ಸಕ್ಕರೆ ಪೊಟ್ಟಣಗಳನ್ನು ಸೀಟುಗಳಂತೆ ಜೋಡಿಸಿ. ವಿದೇಶದಲ್ಲಿರುವ ಸಾಮಾನ್ಯ ಪ್ರಜೆಗೆ ಅಲ್ಲಿಂದಲೇ ಮತ ಹಾಕುವ ಅವಕಾಶ ಅವರಲ್ಲಿಲ್ಲ. ಹಾಗಾಗಿ ಪ್ರತಿ ಚುನಾವಣೆಗೂ ಅವಳು ಒಂದು ಸಣ್ಣ ಚೀಲ ಹೆಗಲಿಗೇರಿಸಿ ಊರಿಗೆ ಹಾರುತ್ತಿದ್ದಳು. ತನ್ನ ಪುಟ್ಟ ಪಕ್ಷಕ್ಕೆ, ಧರ್ಮವನ್ನು ಸರ್ಕಾರದಿಂದ ದೂರವಿಡಬೇಕು ಎನ್ನುವ ಪಕ್ಷಕ್ಕೆ, ಒಂದು ಮತ ಹಾಕಿ ಹಿಂತಿರುಗುತ್ತಿದ್ದಳು. ಬರುವಾಗ ಖರ್ಜೂರ ತರುತ್ತಿದ್ದಳು. ಆ ಖರ್ಜೂರ ತಿನ್ನುತ್ತ ನಾನು ಆ ದೇಶದ ಸ್ಥಿರತೆಗಾಗಿ ಹಾರೈಸಬೇಕೋ ಬೇಡವೋ ಎಂದು ಗೊಂದಲಗೊಳ್ಳುತ್ತಿದ್ದೆ.

"ಟಿಕೆಟ್ ತೆಗಿಲಿಲ್ವಾ?" ಎಂದು ಕೊನೆಗೆ ಕೇಳಿಯೇಬಿಟ್ಟೆ.

"ಈ ಸಲ ಹೋಗುದಿಲ್ಲ."

"ಹುಷಾರಿಲ್ವಾ? ಡಾಕ್ಟ್ರಿಗೆ ತೋರಿಸಿದ್ಯಾ?"

"ನೀನು ಮೊದಲು ಕೂತ್ಕೋ," ಎಂದಳು. "ನನಗೇನೂ ಆಗಲಿಲ್ಲ. ನಾನೂ ಹೋಗುದಿಲ್ಲ, ನನ್ನ ತಮ್ಮನೂ ಹೋಗುದಿಲ್ಲ. ಹಾಗೆ ಮಾತಾಗಿದೆ."

ತಮ್ಮನ ವಿಷಯ ನನಗೆ ಅರ್ಧ ಗೊತ್ತಿತ್ತು. ಅವಳಿಗಿಂತ ಸ್ವಲ್ಪ ಚಿಕ್ಕವನು. ಕಾಲೇಜಿನಲ್ಲಿ ಗಿಟಾರು ಬಾರಿಸಿಕೊಂಡಿದ್ದವನು ಒಂದು ದಿನ ದೇವರ ಕಡೆ ತಿರುಗಿ, ಗಡ್ಡ ಬಿಟ್ಟು, ಕರಿ ಕೋಟು ತೊಟ್ಟು, ಜೆರುಸಲೇಮಿನ ಒಂದು ಕಟ್ಟಾ ಧಾರ್ಮಿಕರ ಕೇರಿಗೆ ಹೋಗಿ ನೆಲೆಸಿದ. ಈಗ ತುಂಬು ಸಂಸಾರ. ಗುರುಗಳು ಹೇಳಿದ ಪಕ್ಷಕ್ಕೆ ಮತ. ಅಪ್ಪ ಇದ್ದಷ್ಟು ಕಾಲ ಅಕ್ಕ ತಮ್ಮ ಇಬ್ಬರೂ ಒಬ್ಬರ ವಿರುದ್ಧ ಒಬ್ಬರು ಮತ ಹಾಕಿ, ಸಂಜೆ ಅಪ್ಪನ ಮನೆಯಲ್ಲಿ ಕೂಡಿ, ಜಗಳವಾಡಿ, ಅಪ್ಪ ಗದರಿಸಿದ ಮೇಲೆ ಸುಮ್ಮನಾಗುತ್ತಿದ್ದರು. ಅವನು ಅಲ್ಲಿ ಊಟ ಮಾಡುತ್ತಿರಲಿಲ್ಲ, ಅಪ್ಪನ ಅಡುಗೆಮನೆ ಅವನ ಶಾಸ್ತ್ರಕ್ಕೆ ಸರಿಹೊಂದದು. ತನ್ನದೇ ಬುತ್ತಿ ತಂದು ಅದೇ ಮೇಜಿನಲ್ಲಿ ತಿನ್ನುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಗದರಿಸುವವರಿಲ್ಲದೆ ಹೋಯಿತು. ಶೋಕದ ದಿನಗಳಲ್ಲೇ ಮಾತು ಮಿತಿಮೀರಿತು. ಶನಿವಾರ ಅವರಿಗೆ ಸಬ್ಬತ್ತು, ವಿಶ್ರಾಂತಿಯ ದಿನ, ಬಸ್ಸು ಓಡಿಸುವಂತಿಲ್ಲ; ಅಪ್ಪ ಆಸ್ಪತ್ರೆಯಲ್ಲಿದ್ದ ಅಂಥ ಒಂದು ಶನಿವಾರ ತಾನು ಬಸ್ಸಿಲ್ಲದೆ ರಸ್ತೆಯಲ್ಲಿ ನಿಂತದ್ದನ್ನು ಇವಳು ಎತ್ತಿದಳು. "ನಿನ್ನ ಪಕ್ಷದವರ ದಯೆ," ಎಂದಳಂತೆ. ಅವನು, "ನಿನ್ನವರು ಬಂದ್ರೆ ನನ್ನ ಮಕ್ಕಳ ಶಾಲೆಗೆ ಬೀಗ," ಎಂದನಂತೆ. ಆಮೇಲೆ ಬಹಳ ದಿನ ಫೋನಿಲ್ಲ. ಹೀಗಿರುವಾಗ ಅವನ ದೊಡ್ಡ ಮಗಳ ಮದುವೆ ನಿಶ್ಚಯವಾಯಿತು, ಅದೂ ಚುನಾವಣೆ ಮುಗಿದ ಕೆಲವೇ ವಾರಗಳಿಗೆ. ಆಗ ಅವನೇ ಕರೆ ಮಾಡಿದ.

"ಅವನ ಲೆಕ್ಕ ಎಂತ ಗೊತ್ತುಂಟಾ?" ಎಂದಳು ಗೆಳತಿ. "ನಾನು ಹಾಕಿದ್ದನ್ನು ಅವನು ಅಳಿಸ್ತಾನೆ, ಅವನು ಹಾಕಿದ್ದನ್ನು ನಾನು. ಇಬ್ಬರೂ ಸೇರಿದ್ರೆ ಸೊನ್ನೆ. ಮನೆಯಲ್ಲಿ ಕೂತ್ರೂ ಸೊನ್ನೆಯೇ. ಹಾಗಿದ್ರೆ ಕೂತ್ಕೊಳ್ಳುವ, ಮದುವೆಗೆ ಬಾ ಅಂದ."

"ನೀನು ಒಪ್ಪಿದ್ಯಾ?"

"ಒಪ್ಪಿದೆ. ಅಲ್ಲಿ ನನ್ನದು ಅಂತ ಉಳಿದದ್ದು ಅವನೊಬ್ಬನೇ ಅಲ್ವಾ. ಆದರೆ ಒಂದು ಮಾತು ಹೇಳಿದ್ದೇನೆ. ಅವನು ಕದ್ದು ಹೋಗಿ ಮತ ಹಾಕಿದ್ರೆ ನಾನು ಮದುವೆಗೆ ಬರುದಿಲ್ಲ. ಮತ್ತೆ ಯಾವತ್ತೂ ಬರುದಿಲ್ಲ."

"ಹಾಕಿದ್ದಾನಾ ಇಲ್ವಾ ಅಂತ ಗೊತ್ತಾಗುದು ಹೇಗೆ?"

"ಕೇಳ್ಲಿಕ್ಕಿಲ್ಲ. ಅದೂ ಮಾತಾಗಿದೆ. ಇಬ್ಬರೂ ಕೇಳುದಿಲ್ಲ."

ಇಂಥ ಒಪ್ಪಂದ ನನ್ನ ಕೈಯಲ್ಲಿ ಒಂದು ಗಂಟೆ ಬಾಳದು. ನನಗೂ ಊರಿನಲ್ಲಿ ಒಬ್ಬ ಅಣ್ಣನಿದ್ದಾನೆ. ಬೆಳಿಗ್ಗೆ ಏಳುವ ಮೊದಲು ಅವನ ಪಕ್ಷದ ಫಾರ್ವರ್ಡ್‌ಗಳು ಬಂದು ಬಿದ್ದಿರುತ್ತವೆ, ದೇವರ ಪಟದ ಜೊತೆ, ಯಾರನ್ನು ಎಲ್ಲಿಗೆ ಕಳಿಸಬೇಕು ಎಂಬ ಸೂಚನೆ ಸಹಿತ. ನಾನು ಪ್ರತಿಯಾಗಿ ಬಾಲ್ಕನಿಯ ಹೂವಿನ ಫೋಟೋ ಕಳಿಸುತ್ತೇನೆ. ಅವನು ಹೂವಿಗೆ ಕೈಮುಗಿಯುತ್ತಾನೆ. ಹೀಗೆ ನಮ್ಮ ಸಂಬಂಧ ಒಂದು ಜೆರೇನಿಯಂ ಗಿಡದ ಮೇಲೆ ನಿಂತಿದೆ. ಚಳಿಗಾಲದಲ್ಲಿ ಅದಕ್ಕೇನಾದರೂ ಆದೀತೆಂದು ಒಳಗೆ ತಂದಿಡುತ್ತೇನೆ.

ಚುನಾವಣೆಯ ದಿನ ಮಂಗಳವಾರ. ಇಲ್ಲಿ ಅಂದು ಸರ್ವಸಂತರ ಹಬ್ಬದ ರಜೆ, ಸಂಸ್ಥೆ ಮುಚ್ಚಿತ್ತು. ನಮಗೆ ರಾಜ್ಯೋತ್ಸವ. ವಾರದ ಕೊನೆಯಲ್ಲಿ ಡ್ಯೂಸೆಲ್ಡಾರ್ಫಿನಲ್ಲಿ ಕನ್ನಡದವರ ಕೂಟವಿತ್ತು, ಅದಕ್ಕೆ ಕೋಡುಬಳೆ ನನ್ನ ಪಾಲಿಗೆ ಬಂದಿತ್ತು. ಹಿಟ್ಟು ನಾದುತ್ತ, ಕರಿಯುತ್ತ ಫೋನಿನಲ್ಲಿ ಇಸ್ರೇಲಿನ ಸುದ್ದಿ ನೋಡುತ್ತಿದ್ದೆ. ಯಾವ ಊರಿನಲ್ಲಿ ಎಷ್ಟು ಜನ ಮತಗಟ್ಟೆಗೆ ಬಂದರು ಎಂದು ಗಳಿಗೆಗೊಮ್ಮೆ ಹೇಳುತ್ತಿದ್ದರು.

"ಜೆರುಸಲೇಮಿನಲ್ಲಿ ಕ್ಯೂ ಉಂಟಂತೆ," ಎಂದೆ.

ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. "ನಿನ್ನ ಕೋಡುಬಳೆ ಸುಟ್ಟು ಹೋಗ್ತಾ ಉಂಟು ಮಾರಾಯ್ತಿ. ಅಲ್ಲಿಯ ಸರ್ಕಾರ ಅವರು ನೋಡ್ಕೊಳ್ತಾರೆ."

ಪಕ್ಕದಲ್ಲಿದ್ದ ಮಗಳು ಜರ್ಮನ್‌ನಲ್ಲಿ, ಅಮ್ಮನಿಗೆ ಸ್ವಂತ ದೇಶದ ಗಲಾಟೆ ಸಾಲದೇ ಎಂದು ಕೇಳಿದಳು. ಯಾವುದು ಸ್ವಂತ ದೇಶ ಎಂದು ಅವಳು ಹೇಳಲಿಲ್ಲ. ಪಾಸ್‌ಪೋರ್ಟು ಬದಲಾಯಿಸಿದ ಮೇಲೆ ಅದು ನನ್ನ ಮತ್ತೊಂದು ಚಿಂತೆ.

ಗುರುವಾರ ಎಣಿಕೆ ಮುಗಿಯುತ್ತ ಬಂತು. ತಮ್ಮನ ಕಡೆಯವರು ಗೆದ್ದಿದ್ದರು. ಅಷ್ಟಾಗಿದ್ದರೆ ಸರಿ, ಗೆಳತಿಯ ಪಕ್ಷ ಸಂಸತ್ತಿನ ಒಳಗೇ ಬರಲಿಲ್ಲ. ಅಲ್ಲಿ ಒಂದು ಪಕ್ಷಕ್ಕೆ ಇಷ್ಟು ಪಾಲು ಮತ ಬಂದರೆ ಮಾತ್ರ ಸೀಟು, ಇಲ್ಲದಿದ್ದರೆ ಬಂದದ್ದೆಲ್ಲ ನೀರಿಗೆ. ಇವಳ ಪಕ್ಷಕ್ಕೆ ಬೇಕಾದದ್ದು ಕೂದಲೆಳೆಯಷ್ಟು ಕಡಿಮೆಯಾಗಿತ್ತು. ಬೆಳಿಗ್ಗೆಯಿಂದ ಅವಳ ಫೋನು ಊರಿನ ಗೆಳೆಯರ ಮೆಸೇಜುಗಳಿಂದ ಗುಂಯ್‌ಗುಡುತ್ತಿತ್ತು. "ನೀನು ಬಂದಿದ್ಯಲ್ಲ?" ಎಂದು ಒಬ್ಬೊಬ್ಬರೂ. ಅವಳು ಯಾರಿಗೂ ಉತ್ತರಿಸದೆ ಫೋನನ್ನು ಡ್ರಾಯರಿನಲ್ಲಿ ಹಾಕಿದಳು. ಡ್ರಾಯರು ಗುಂಯ್‌ಗುಡತೊಡಗಿತು.

ಮಧ್ಯಾಹ್ನ ಅವಳ ಕಂಪ್ಯೂಟರಿನಲ್ಲಿ ತಮ್ಮನ ವಿಡಿಯೋ ಕರೆ ಬಂತು. ಅವನದು ಬರೀ ಮಾತಿಗಾಗುವ ಫೋನು, ಇಂಟರ್ನೆಟ್ಟಿಗೆ ಗುರುಗಳ ಒಪ್ಪಿಗೆಯಿಲ್ಲ. ಆದರೆ ಕೆಲಸದ ಜಾಗದಲ್ಲಿ ಸೋಸಿದ ಇಂಟರ್ನೆಟ್ಟಿನ ಒಂದು ಕಂಪ್ಯೂಟರಿದೆ. ಕೆಲಸ ಎಂದಾಗ ನನಗೆ ಆಶ್ಚರ್ಯವಾಗಬೇಕಿತ್ತು. ಆ ಕೇರಿಯ ಗಂಡಸರು ದಿನವಿಡೀ ಗ್ರಂಥ ಓದುತ್ತಾರೆ, ಕೆಲಸ ಮಾಡುವುದಿಲ್ಲ ಎಂದು ಪತ್ರಿಕೆಯಲ್ಲಿ ಓದಿ ನಂಬಿದ್ದೆ. ಮೊದಲು ಇಬ್ಬರೂ ಹೀಬ್ರೂವಿನಲ್ಲಿ ಮಾತಾಡಿದರು. ಆಮೇಲೆ ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ನನ್ನ ಅಕ್ಕನ ಎದುರು ಕೂತು ಬೇಜಾರು ಸಹಿಸುವವರು ನೀವಾ?" ಎಂದ ಇಂಗ್ಲಿಷಿನಲ್ಲಿ. ಪರಸ್ತ್ರೀಯ ಮುಖ ನೋಡಬಾರದೆಂದು ಇರಬೇಕು, ನನ್ನ ಎಡ ಭುಜಕ್ಕೆ ಹೇಳಿದ.

"ನಾನೇ," ಎಂದೆ. ನನ್ನ ಭುಜ ಯಾವತ್ತೂ ಅಷ್ಟು ಗೌರವ ಕಂಡಿರಲಿಲ್ಲ.

"ಅವಳಿಗೆ ಮದುವೆಗೆ ಉದ್ದ ತೋಳಿನದ್ದು ಹಾಕ್ಲಿಕ್ಕೆ ಹೇಳಿ. ನಾನು ಹೇಳಿದ್ರೆ ತೋಳೇ ಇಲ್ಲದ್ದು ಹಾಕ್ಕೊಂಡು ಬರ್ತಾಳೆ."

ಹೇಳುತ್ತ ಗಡ್ಡ ನೀವಿಕೊಂಡ. ಆಗ ನಾನು ಕಂಡೆ. ತೋರುಬೆರಳಿನ ಮೇಲೆ, ಉಗುರಿನ ಪಕ್ಕದಿಂದ ಕೆಳಗೆ, ಕಪ್ಪು ಶಾಯಿಯ ಗೆರೆ.

ಮತ ಹಾಕಿ ಬಂದಿದ್ದಾನೆ. ಶಾಯಿ ಹಚ್ಚುವುದು ಎಡಗೈಗೆ, ಇದು ಬಲಗೈಯಲ್ಲವೇ ಎಂದು ಒಂದು ಕ್ಷಣ ಸಮಾಧಾನ ಮಾಡಿಕೊಂಡೆ. ಆದರೆ ವಿಡಿಯೋದಲ್ಲಿ ಎಡ ಬಲ ತಿರುಗುತ್ತದೆ ಎಂದು ಎಲ್ಲೋ ಕೇಳಿದ್ದೆ. ಏನು ಉತ್ತರಿಸಿದೆನೋ ನೆನಪಿಲ್ಲ. ಗೆಳತಿ ನಗುತ್ತಿದ್ದಳು, ಬೆಳಿಗ್ಗೆಯಿಂದ ಮೊದಲ ಸಲ.

ಆ ಸಂಜೆ ಗಂಡ ಡ್ಯೂಸೆಲ್ಡಾರ್ಫಿನ ಆಫೀಸಿನಿಂದ ಎಂದಿನಂತೆ ರೈಲು ತಡವಾಗಿ ಬಂದು ಶೂ ಬಿಚ್ಚುವ ಮೊದಲೇ ಹೇಳಿದೆ. "ಅವ ಮತ ಹಾಕಿದ್ದಾನೆ. ಬೆರಳಲ್ಲಿ ಶಾಯಿ ಉಂಟು. ನಾನೇ ನೋಡಿದ್ದು."

"ಅವಳಿಗೆ ಕಾಣ್ಲಿಲ್ವಾ?"

"ಅವಳು ನಗ್ತಾ ಇದ್ದಳು."

"ಹಾಗಾದ್ರೆ ನಗ್ಲಿ. ನೀನು ಸುಮ್ಮನೆ ಇರು. ಇದು ಅವರ ಮನೆ ವಿಷಯ."

"ನಾಳೆ ಅವಳಿಗೇ ಗೊತ್ತಾದ್ರೆ? ನೀನು ನೋಡಿದ್ದಿ, ಹೇಳ್ಲಿಲ್ಲ ಅಂದ್ರೆ?"

"ನಿಂಗೆ ಹೇಳಿದ್ರೂ ಚಿಂತೆ, ಹೇಳದಿದ್ರೂ ಚಿಂತೆ," ಎಂದು ಅವನು ಟವೆಲು ಹುಡುಕಲು ಹೋದ. ಅವನು ಹೇಳುವುದು ಸಾಮಾನ್ಯವಾಗಿ ಸರಿಯಿರುತ್ತದೆ, ಅದಕ್ಕೇ ನಾನು ಕೇಳುವುದಿಲ್ಲ.

ಮರುದಿನ ಬೆಳಿಗ್ಗೆ ಅವಳು ಕೋಟು ನೇತುಹಾಕುತ್ತಿದ್ದಾಗಲೇ ಹೇಳಿಬಿಟ್ಟೆ. ಬೆರಳು, ಶಾಯಿ, ಎಡ ಬಲದ ತರ್ಕ, ಎಲ್ಲವನ್ನೂ. ಅವಳು ಕೇಳಿಸಿಕೊಂಡು ಕೋಟು ಹಿಡಿದೇ ನಿಂತಳು.

"ಎಂತ ಶಾಯಿ?"

"ಮತ ಹಾಕಿದವರಿಗೆ ಹಚ್ಚುದು. ತಿಂಗಳಾದ್ರೂ ಹೋಗುದಿಲ್ಲ ಅಲ್ವಾ."

"ಬೆರಳಿಗಾ? ಯಾಕೆ?"

ಅವಳು ಇಷ್ಟು ವರ್ಷ ನನಗೆ ಸಕ್ಕರೆ ಪೊಟ್ಟಣದಲ್ಲಿ ಪ್ರಜಾಪ್ರಭುತ್ವ ಕಲಿಸಿದವಳು. ಅವರಲ್ಲಿ ಹಾಗಿಲ್ಲವೆಂದು ನನಗೆ ಹೊಳೆದೇ ಇರಲಿಲ್ಲ. ಮತ ಎಂದರೆ ಶಾಯಿ, ಶಾಯಿ ಎಂದರೆ ಮತ. ಜಗತ್ತಿನಲ್ಲೆಲ್ಲ ಹೀಗೆಯೇ ಎಂದು, ಇಲ್ಲಿ ಜರ್ಮನಿಯಲ್ಲಿ ನಾನೇ ಮತ ಹಾಕಿ ಖಾಲಿ ಬೆರಳಿನಲ್ಲಿ ಮನೆಗೆ ಬಂದ ಮೇಲೂ ನಂಬಿಕೊಂಡಿದ್ದೆ. ಅವಳಿಗೆ ಅರ್ಥವಾದ ಮೇಲೆ ನಕ್ಕಳು ನೋಡಿ, ಕುರ್ಚಿ ಹಿಡಿದು ಕೂತುಕೊಳ್ಳಬೇಕಾಯಿತು. ಗುರುತುಚೀಟಿ ತೋರಿಸಿ, ಲಕೋಟೆ ಪಡೆದು, ಮರೆಯ ಹಿಂದೆ ಪಕ್ಷದ ಅಕ್ಷರವಿರುವ ಚೀಟಿ ಅದರೊಳಗೆ ಹಾಕಿ ಪೆಟ್ಟಿಗೆಗೆ ಬಿಡುವುದು, ಅಷ್ಟೇ ಅಂತೆ ಅವರದ್ದು. ತಮ್ಮನ ಬೆರಳಿನದ್ದು ಅವನ ಕಸುಬಿನ ಶಾಯಿ. ಚರ್ಮದ ಹಾಳೆಯ ಮೇಲೆ ಗರಿಯಲ್ಲಿ ಧರ್ಮಗ್ರಂಥ ಬರೆಯುವುದು ಅವನ ಕೆಲಸ. ಒಂದು ಅಕ್ಷರ ತಪ್ಪಿದರೂ ಆ ಹಾಳೆ ಪೂಜೆಗೆ ನಡೆಯದು. ಅಷ್ಟು ಕೆಲಸ ಮಾಡುವವನನ್ನು ನಾನು ಪತ್ರಿಕೆ ಓದಿ ಸೋಮಾರಿ ಮಾಡಿ ಕೂರಿಸಿದ್ದೆ.

ನಗು ನಿಂತ ಮೇಲೆ ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಒರೆಸಿಕೊಂಡ ಕೈಯನ್ನೇ ನೋಡುತ್ತ ಕೂತಳು.

"ನಿನಗೆ ಕೂಡಲೇ ಹಾಗೆ ಅನ್ನಿಸಿತಲ್ಲ," ಎಂದಳು. "ಅವನು ಹಾಕಿರ್ತಾನೆ ಅಂತ. ಒಂದು ನಿಮಿಷ ಮುಖ ನೋಡಿದ್ದಕ್ಕೆ."

"ಅದು ಶಾಯಿ ನೋಡಿ. ಮುಖಕ್ಕೂ ಅದಕ್ಕೂ..."

"ಅವರ ಗುರು ಹೇಳಿದ್ದಾನೆ, ಮತ ಹಾಕುದು ಧರ್ಮ ಅಂತ. ಅವನು ಗುರುವಿನ ಮಾತು ಮೀರ್ತಾನಾ? ನನಗೋಸ್ಕರ? ಯಾಕೆ ಮೀರ್ಬೇಕು ಅವನು?"

ಇದನ್ನು ಅವಳು ನನಗೆ ಕೇಳಿದ್ದಲ್ಲ. ಒಪ್ಪಂದ ನಿಂತದ್ದೇ ಕೇಳಬಾರದು ಎಂಬ ಒಂದು ಮೊಳೆಯ ಮೇಲೆ. ನಾನು ಸಹಾಯ ಮಾಡಲು ಹೋಗಿ ಅದನ್ನು ಅಲ್ಲಾಡಿಸಿದ್ದೆ. ಶುಕ್ರವಾರ ಅವರಲ್ಲಿ ಮಧ್ಯಾಹ್ನದ ಹೊತ್ತಿಗೆ ಕೆಲಸ ಬಂದ್, ಸಂಜೆಯಿಂದ ಸಬ್ಬತ್ತು, ಫೋನು ಮುಟ್ಟುವಂತಿಲ್ಲ. ಈಗಲೇ ಮಾಡದಿದ್ದರೆ ಎರಡು ದಿನ ಇದನ್ನು ತಲೆಯಲ್ಲಿಟ್ಟುಕೊಂಡು ಕೂರಬೇಕೆಂದು ಅವಳು ಕರೆ ಮಾಡಿಯೇಬಿಟ್ಟಳು. ನಾನು ಕಾಫಿಯ ನೆಪ ಮಾಡಿ ಎದ್ದೆ.

"ಕೂತ್ಕೋ," ಎಂದಳು. "ನೀನು ತಂದದ್ದು ಇದು."

ತಮ್ಮ ಬಂದ. ಅವಳು ಹೀಬ್ರೂವಿನಲ್ಲಿ ಏನೋ ಸಣ್ಣದಾಗಿ ಕೇಳಿದಳು. ಅವನು ಕೈಯಲ್ಲಿದ್ದ ಗರಿಯನ್ನು ಕೆಳಗಿಟ್ಟ. ಹಿಂದಿನ ಗೋಡೆಯ ಮೇಲೆ ಚರ್ಮದ ಹಾಳೆಗಳು ಒಣಗಲು ತೂಗುತ್ತಿದ್ದವು.

"ನಿನ್ನ ಗೆಳತಿ ಇದ್ದಾರಾ ಅಲ್ಲಿ?" ಎಂದ ಇಂಗ್ಲಿಷಿನಲ್ಲಿ. "ಇದ್ರೆ ಅವರೂ ಕೇಳ್ಲಿ. ಇಲ್ಲದಿದ್ರೆ ನಾನು ಹೇಳದ್ದನ್ನು ಹೇಳಿದ ಅಂತ ನಾಳೆ ನೀನು ಹೇಳುವವಳು."

"ಕೇಳ್ತಾ ಇದ್ದಾಳೆ. ಹೇಳು."

"ನಾನು ಮತಗಟ್ಟೆಗೆ ಹೋಗಿದ್ದೆ."

ಅವಳು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು.

"ಬೆಳಿಗ್ಗೆಯಿಂದ ಪಕ್ಷದ ಹುಡುಗರು ಕಾರು ತಂದು ಬಾಗಿಲು ಬಡಿತಾ ಇದ್ರು. ಕಟ್ಟಡದಲ್ಲಿ ಎಲ್ಲರೂ ಹೋಗಿ ಆಗಿದೆ, ನೀವೊಬ್ಬರೇ ಅಂತ. ಮಗಳ ಮದುವೆ ಎದುರಿಗಿದೆ. ನಾನು ಹೋಗುದಿಲ್ಲ ಅಂದ್ರೆ ಸಂಜೆಯೊಳಗೆ ಹುಡುಗನ ಮನೆಗೆ ಸುದ್ದಿ ಹೋಗ್ತದೆ, ಇವನು ಹಳೇ ಚಾಳಿಗೆ ಬಿದ್ದಿದ್ದಾನೆ ಅಂತ. ಹೋದೆ. ಲಕೋಟೆ ತಗೊಂಡೆ. ಮರೆಯ ಹಿಂದೆ ನಿಂತೆ. ಏನೂ ಹಾಕದೆ ಅಂಟಿಸಿದೆ."

"ಖಾಲಿ?"

"ಖಾಲಿ."

"ಅದು ನನಗೆ ಹೇಗೆ ಗೊತ್ತಾಗ್ಬೇಕು?"

"ಗೊತ್ತಾಗುದಿಲ್ಲ," ಎಂದ. ದನಿ ಎತ್ತಲಿಲ್ಲ. "ನಿನಗೆ ಗೊತ್ತಾಗುದಿಲ್ಲ, ಗುರುಗಳಿಗೆ ಗೊತ್ತಾಗುದಿಲ್ಲ. ಗೊತ್ತಿರುವವನೊಬ್ಬನಿದ್ದಾನೆ, ಅವನನ್ನು ನೀನು ನಂಬುದಿಲ್ಲ. ನಾನೆಂತ ಮಾಡ್ಲಿ?"

"ಚಂದ ಮಾತಾಡ್ತಿ. ಯಾವತ್ತಿಂದಲೂ ಚಂದ ಮಾತಾಡ್ತಿ."

"ಮಂಗಳವಾರ ನಿಮ್ಮ ಆಫೀಸಿಗೆ ರಜೆ ಇತ್ತಲ್ಲ," ಎಂದ ಅವನು. "ಸೋಮವಾರ ಸಂಜೆ ಹೊರಟ್ರೆ ಇಲ್ಲಿ ಮತ ಹಾಕಿ ಬುಧವಾರ ಬೆಳಿಗ್ಗೆ ಮೇಜಿಗೆ ಬಂದು ಕೂರ್ಬಹುದು. ನನ್ನ ಹೆಂಡತಿ ಹೇಳಿದಳು, ಅವಳ ಮನೆಗೆ ಫೋನ್ ಮಾಡಿ ನೋಡಿ, ಎತ್ತಿದ್ರೆ ಅಲ್ಲಿದ್ದಾಳೆ ಅಂತಾಯ್ತು. ನಾನು ಮಾಡ್ಲಿಲ್ಲ. ಮದುವೆಗೆ ಬರುದು ಬಿಡುದು ನಿನ್ನಿಷ್ಟ. ಇಲ್ಲಿ ಮುಚ್ಚುವ ಹೊತ್ತಾಯ್ತು. ಶಬ್ಬತ್ ಶಾಲೋಮ್," ಎಂದು ಸಬ್ಬತ್ತಿಗೆ ಶುಭ ಕೋರಿದ.

ಪರದೆ ಕಪ್ಪಾಯಿತು. ಅದರಲ್ಲಿ ನಾವಿಬ್ಬರು ಕಾಣುತ್ತಿದ್ದೆವು, ಒಬ್ಬಳು ನೆಟ್ಟಗೆ, ಒಬ್ಬಳು ಕುಗ್ಗಿ. ಆ ದಿನ ಉಳಿದ ಹೊತ್ತೆಲ್ಲ ನಾನು ಬೇರುಗಳ ಚಿತ್ರಗಳನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡಿದೆ. ಕ್ಷಮೆ ಕೇಳೋಣವೆಂದರೆ, ಕೇಳಿದರೆ ವಿಷಯ ಮತ್ತೆ ಬರುತ್ತದೆ. ಕೇಳದಿದ್ದರೆ ಕಲ್ಲೆದೆಯವಳಾಗುತ್ತೇನೆ. ಸಂಜೆ ಹೊರಡುವಾಗ ರಾಜ್ಯೋತ್ಸವದ ಪಾಲಿನಿಂದ ತೆಗೆದ ಕೋಡುಬಳೆಯ ಡಬ್ಬಿ ಅವಳ ಮೇಜಿನ ಮೇಲಿಟ್ಟು ಓಡಿದೆ.

ಭಾನುವಾರ ಸಂಜೆ ಅವಳ ಮೆಸೇಜು ಬಂತು. ನಾಳೆ ಕೆಲಸ ಮುಗಿದ ಮೇಲೆ ಪೇಟೆಗೆ ಬರುತ್ತೀಯಾ, ಉದ್ದ ತೋಳಿನ ಉಡುಪು ಬೇಕು, ಜರ್ಮನ್ ಅಂಗಡಿಯವರು ಮದುವೆಗೆಂದರೆ ಬೆನ್ನು ಕಾಣುವುದನ್ನೇ ಕೊಡುತ್ತಾರೆ.

ಮೂರು ಅಂಗಡಿ ತಿರುಗಿದೆವು. ಮೊಣಕೈ ಮುಚ್ಚಬೇಕು, ಕುತ್ತಿಗೆ ಮುಚ್ಚಬೇಕು, ಮೊಣಕಾಲು ಕೂತಾಗಲೂ ಮುಚ್ಚಿರಬೇಕು, ಕೆಂಪು ಬೇಡ. ನಾಲ್ಕನೆಯದರಲ್ಲಿ ಕಡುನೀಲಿಯದೊಂದು ಸಿಕ್ಕಿತು. ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತಳು.

"ಮದುವೆಯಲ್ಲಿ ಗಂಡಸರಿಗೇ ಬೇರೆ ಹಾಲ್," ಎಂದಳು. "ನಡುವೆ ಗೋಡೆ ಇರ್ತದೆ. ಅವನ ಜೊತೆ ಕೂತು ಊಟ ಮಾಡ್ಲಿಕ್ಕೂ ಆಗುದಿಲ್ಲ. ಇಷ್ಟೆಲ್ಲ ಅದಕ್ಕೆ."

"ಹಾಗಾದ್ರೆ ಯಾಕೆ ಹೋಗುದು?"

"ಹುಡುಗಿ ನನ್ನ ಅಮ್ಮನ ಹಾಗೆ ಇದ್ದಾಳೆ ನೋಡ್ಲಿಕ್ಕೆ," ಎಂದಳು. ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. ಅದು ಹಿಂದಕ್ಕೆ ಸರಿಯಿತು. "ಖಾಲಿ ಅಂದ. ಅಂದ ಮೇಲೆ ಖಾಲಿ. ನನಗೆ ಇನ್ನೊಬ್ಬ ತಮ್ಮ ಇಲ್ಲ."

"ನಿನಗೆ ನಂಬಿಕೆ ಬಂತಾ?"

"ಬೆಳಿಗ್ಗೆ ಬರ್ತದೆ. ಸಂಜೆಗೆ ಹೋಗ್ತದೆ," ಎಂದಳು ಕನ್ನಡಿಗೆ. "ಮದುವೆ ಸಂಜೆ ಇರುದು, ಅದೊಂದು ಕಷ್ಟ."

ನಾನು ಅವಳ ಬೆನ್ನಿನ ಹಿಂದೆ ನಿಂತು ಜಿಪ್ಪು ಸರಿಮಾಡುತ್ತಿದ್ದೆ. ಶುಕ್ರವಾರದಿಂದ ಒಂದು ಪ್ರಶ್ನೆ ನನ್ನ ಬಾಯಿಯಲ್ಲಿ ತಿರುಗುತ್ತಿತ್ತು. ಮಂಗಳವಾರ ಇಡೀ ದಿನ ನಾನು ಕೋಡುಬಳೆ ಸುಡುತ್ತಿದ್ದೆ. ಅವಳು ಎಲ್ಲಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ಬುಧವಾರ ಬೆಳಿಗ್ಗೆ ಅವಳು ಬಂದಾಗ ಕಣ್ಣು ಕೆಂಪಾಗಿತ್ತು. ರಾತ್ರಿಯ ವಿಮಾನದಿಂದಲೇ, ಅಥವಾ ಎಣಿಕೆ ನೋಡುತ್ತ ನಿದ್ದೆಗೆಟ್ಟದ್ದೇ? ಕೇಳಿದರೆ ಹೇಳುವವಳು. ಅದೇ ಭಯ. ಅವಳು ಹೇಳುವುದನ್ನು ನಂಬಬೇಕಾಗುತ್ತದೆ, ನಂಬಿದ್ದೇನೆಯೇ ಎಂದು ಮತ್ತೆ ನನ್ನನ್ನು ನಾನೇ ಕೇಳಿಕೊಳ್ಳಬೇಕಾಗುತ್ತದೆ, ಹೀಗೆ ಕಡೆಯಿಲ್ಲ.

"ಎಂತ?" ಎಂದಳು ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿ. "ಏನೋ ಕೇಳ್ಬೇಕು ಅಂತ ಇದ್ದಿ."

ನಾನು ಅವಳ ತೋಳಿನ ಅಂಚು ಎಳೆದು ನೋಡಿದೆ.

"ತೋಳು," ಎಂದೆ. "ಎರಡು ಬೆರಳು ಉದ್ದ ಬೇಕಿತ್ತು. ಇದು ಒಗೆದ್ರೆ ಕುಗ್ಗುದಿಲ್ಲ ಅಲ್ವಾ?"

ಅವಳು ಸ್ವಲ್ಪ ಹೊತ್ತು ಕನ್ನಡಿಯಲ್ಲೇ ನನ್ನನ್ನು ನೋಡಿದಳು. ಆಮೇಲೆ ಅಂಗಡಿಯ ಹುಡುಗಿಯನ್ನು ಕರೆದು, ತೋಳು ಉದ್ದ ಮಾಡಿಕೊಡುವವರು ಯಾರಾದರೂ ಹತ್ತಿರದಲ್ಲಿದ್ದಾರೆಯೇ ಎಂದು ವಿಚಾರಿಸಿದಳು.